ಬಾಂದ್ರಾದ ಸಂತ ಅಂದ್ರೆಯರ ಧರ್ಮಕೇಂದ್ರ

ಮುಂಬಯಿಯ ಉಪನಗರವಾದ ಬಾಂದ್ರಾದ ಹಿಲ್ ರಸ್ತೆಯಲ್ಲಿರುವ ಕ್ಯಾಥೊಲಿಕ್ ಇಗರ್ಜಿ ಮತ್ತು ಅದಕ್ಕೆ ಸೇರಿದ ಭಕ್ತಸಮುದಾಯ. ಪೋರ್ಚುಗೀಸ್ ಜೆಸ್ವಿಟರು 1575ರಲ್ಲಿ ಇದನ್ನು ಸ್ಥಾಪಿಸಿದರು. ಈಗ ಇದು ಮುಂಬಯಿ ಮಹಾಧರ್ಮಪ್ರಾಂತ್ಯದ ಆಡಳಿತಕ್ಕೆ ಒಳಪಟ್ಟಿದೆ. ಉಪನಗರದ ಚರ್ಚೆಂದರೆ ನಗರ ಬೆಳೆದು ಹೊರಚೆಲ್ಲಿದ ಮೇಲೆ ಹುಟ್ಟಿದ್ದಿರಬೇಕು ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಇಲ್ಲಿ ಸಂಗತಿ ತಿರುವುಮುರುವಾಗಿದೆ. ಇಂಗ್ಲಿಷರು ಮುಂಬಯಿ ದ್ವೀಪವನ್ನು ವಶಕ್ಕೆ ತೆಗೆದುಕೊಂಡದ್ದು 1665ರಲ್ಲಿ. ಆ ಹೊತ್ತಿಗೆ ಬಾಂದ್ರಾದ ಈ ಇಗರ್ಜಿಯಲ್ಲಿ ತೊಂಬತ್ತು ವರ್ಷಗಳ ಬಲಿಪೂಜೆ, ಮದುವೆ, ಮಣ್ಣುಗಳು ನಡೆದುಹೋಗಿದ್ದವು. ನಗರವೇ ಆಮೇಲೆ ಬಂದು ಈ ಊರನ್ನು ತನ್ನ ಉಪನಗರ ಮಾಡಿಕೊಂಡಿತು.

ಧರ್ಮಕೇಂದ್ರವೆಂದರೆ ಬರಿಯ ಕಟ್ಟಡವಲ್ಲ. ಎಲ್ಲೆ ಗೊತ್ತಾದ ಒಂದು ಪ್ರದೇಶ, ಅಲ್ಲಿನ ಕ್ಯಾಥೊಲಿಕ್ ಮನೆಗಳು, ಅವರಿಗೆಂದು ನೇಮಕಗೊಂಡ ಧರ್ಮಗುರು, ಅವರ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ದಫ್ತರಗಳು, ಇವೆಲ್ಲ ಸೇರಿ ಅದು ಆಗುತ್ತದೆ. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆ ಜ್ಞಾನಸ್ನಾನ ಮತ್ತು ಮದುವೆಗಳ ದಾಖಲೆ ಇಡುವುದನ್ನು ಪ್ರತಿ ಧರ್ಮಕೇಂದ್ರಕ್ಕೂ ಕಡ್ಡಾಯ ಮಾಡಿತು. ಬಾಂದ್ರಾದ ಧರ್ಮಕೇಂದ್ರ ಹುಟ್ಟಿದ್ದು ಆ ಕಟ್ಟಳೆಯ ಹನ್ನೆರಡನೆಯ ವರ್ಷದಲ್ಲಿ.

ಬಾಂದ್ರಾ ಸಾಷ್ಟಿ (ಸಾಲ್ಸೆಟ್) ದ್ವೀಪದ ದಕ್ಷಿಣದ ತುದಿ. ಅದಕ್ಕೂ ಮುಂಬಯಿಯ ಮಾಹಿಮಿಗೂ ನಡುವೆ ಒಂದು ಖಾರಿ. ಪೋರ್ಚುಗೀಸರು ಬರುವ ಮೊದಲು ಈ ನೆಲ ಬರಿದಾಗಿರಲಿಲ್ಲ. ಇದೇ ದ್ವೀಪದ ಕನ್ಹೇರಿಯ ಬೌದ್ಧ ಗುಹೆಗಳ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಹೆಸರೂ ಅವನ ಸಾಮಂತರಾದ ಶಿಲಾಹಾರರ ಹೆಸರೂ ಇವೆ. ಕಡಲಂಚಿನಲ್ಲಿ ಮೀನು ಹಿಡಿಯುವ ಕೋಳಿ ಸಮುದಾಯದವರು, ಗದ್ದೆ ಮಾಡುವ ಕುಣಬಿಗಳು, ತೆಂಗು ತಾಳೆಗಳಿಂದ ಕಳ್ಳು ಇಳಿಸುವ ಭಂಡಾರಿಗಳು ತಲೆಮಾರುಗಳಿಂದ ಇಲ್ಲಿ ಬದುಕುತ್ತಿದ್ದರು. 1534ರ ಡಿಸೆಂಬರಿನಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಷಾ ವಸಯಿಯನ್ನೂ ಸಾಷ್ಟಿಯನ್ನೂ ಮುಂಬಯಿಯ ಏಳು ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಮೊಗಲ ಹುಮಾಯೂನನ ಭಯ ಅವನಿಗಿತ್ತು. 1548ರಲ್ಲಿ ಪೋರ್ಚುಗೀಸ್ ಸರಕಾರ ಬಾಂದ್ರಾ, ಕುರ್ಲಾ ಮುಂತಾದ ಹಳ್ಳಿಗಳನ್ನು ಸೈನಿಕ ಸೇವೆಗೆ ಬಹುಮಾನವಾಗಿ ಅಂತೋನಿಯು ಪೆಸ್ಸೋವಾ ಎಂಬಾತನಿಗೆ ಬರೆದುಕೊಟ್ಟಿತು. ಅವನ ಕುಟುಂಬದ ಕಾಲ ಮುಗಿದ ಮೇಲೆ ಈ ಹಳ್ಳಿಗಳು ಜೆಸ್ವಿಟರ ಪಾಲಾದವು.

ಜೆಸ್ವಿಟರಲ್ಲಿ ಬಾಂದ್ರಾದ ಮಟ್ಟಿಗೆ ಮೊದಲ ಹೆಸರು ಮನುಎಲ್ ಗೋಮೆಸ್ ಎಂಬವರದು. 1570ರ ದಶಕದಲ್ಲಿ ಇಲ್ಲಿ ಸಾವಿರಾರು ಜನರಿಗೆ ಜ್ಞಾನಸ್ನಾನ ಕೊಟ್ಟವರೆಂದು ಅವರನ್ನು ‘ಸಾಷ್ಟಿಯ ಅಪೊಸ್ತಲ’ ಎಂದು ಕರೆಯುವ ವಾಡಿಕೆ ಬೆಳೆಯಿತು. ಮೀನುಗಾರರ ಊರಿನ ಇಗರ್ಜಿಗೆ ಮೀನುಗಾರನಾಗಿದ್ದ ಸಂತ ಅಂದ್ರೆಯರ ಹೆಸರು ಬಂದದ್ದು ಒಪ್ಪುವಂಥದ್ದೇ. ಆದರೆ ಆ ಸಾಮೂಹಿಕ ಮತಾಂತರಗಳನ್ನು ಬರಿಯ ಭಕ್ತಿಯ ಕಥೆಯಾಗಿ ಹೇಳುವುದು ಸರಿಯಲ್ಲ. ಪೋರ್ಚುಗೀಸರ ಉತ್ತರ ಪ್ರಾಂತದಲ್ಲಿ ದೇವಾಲಯಗಳು ನೆಲಸಮವಾದವು, ಹೊಸ ಧರ್ಮಕ್ಕೆ ಬಂದವರಿಗೆ ಸವಲತ್ತುಗಳು ಸಿಕ್ಕವು, ಬಾರದವರ ಮೇಲೆ ನಿರ್ಬಂಧಗಳು ಬಿದ್ದವು. ಬಾಂದ್ರಾದಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿತು. ಹಳ್ಳಿ ಜೆಸ್ವಿಟರದೇ ಆದಮೇಲೆ ಪಾಪನಿವೇದನೆ ಕೇಳುವ ಗುರುವೂ ಗೇಣಿ ಎತ್ತುವ ಒಡೆಯನೂ ಒಂದೇ ಸಭೆಯವರಾದರು. ಒಕ್ಕಲಿನವನಿಗೆ ಇಲ್ಲವೆನ್ನುವ ಸ್ವಾತಂತ್ರ್ಯ ಎಷ್ಟಿತ್ತು ಎಂಬುದನ್ನು ಓದುಗರೇ ಊಹಿಸಬಹುದು. ಹೀಗೆ ಬಂದ ಧರ್ಮವನ್ನು ಮುಂದೆ ಅದೇ ಜನ, ಒಡೆಯರು ಓಡಿಹೋದ ಮೇಲೂ, ತಮ್ಮದಾಗಿ ಉಳಿಸಿಕೊಂಡರು. ಈ ಧರ್ಮಕೇಂದ್ರದ ಚರಿತ್ರೆಯಲ್ಲಿ ತೂಕವಿರುವ ಸಂಗತಿ ಅದು.

ಹದಿನೇಳನೆಯ ಶತಮಾನದಲ್ಲಿ ಬಾಂದ್ರಾ ಸಣ್ಣದೊಂದು ಜೆಸ್ವಿಟ್ ರಾಜಧಾನಿಯಂತಿತ್ತು. ಸಂತ ಅನ್ನಮ್ಮನವರ ಹೆಸರಿನ ವಿದ್ಯಾಪೀಠ 1620ರ ಸುಮಾರಿಗೆ ಎದ್ದುನಿಂತಿತು. 1640ರಲ್ಲಿ ದ್ವೀಪದ ಮೂತಿಯ ಮೇಲೆ ಅಗ್ವಾದ ಕೋಟೆ ಕಟ್ಟಲಾಯಿತು. ಬಾಂದ್ರಾದ ಬೆಟ್ಟದ ಮೇಲೆ ಮರಿಯಮ್ಮನವರ ಸಣ್ಣ ಗುಡಿ ಮೊದಲೇ ಇತ್ತು. 1670ರ ದಶಕದಲ್ಲಿ ಬಂದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ ಕಂಡ ವಿದ್ಯಾಪೀಠ ಏಳು ತೋಪುಗಳನ್ನು ಹೊತ್ತ ಕೋಟೆಯಂತಿತ್ತು. ಪಾದ್ರಿಗಳಿಗೆ ತೋಪು ಏಕೆ ಎಂದರೆ ಖಾರಿಯ ಆಚೆ ಇಂಗ್ಲಿಷರು ಕೂತಿದ್ದರು. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗೀಸ್ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಎರಡನೆಯ ಚಾರ್ಲ್ಸನಿಗೆ ಹೋದದ್ದು ಮುಂಬಯಿ. ಬಾಂದ್ರಾ ಪೋರ್ಚುಗಲ್ಲಿಗೇ ಉಳಿಯಿತು. ಮಾಹಿಮ್ ಯಾರದ್ದು, ಖಾರಿಯಲ್ಲಿ ಸಾಗುವ ದೋಣಿಗಳ ಸುಂಕ ಯಾರಿಗೆ ಎಂಬ ಜಗಳ ದಶಕಗಳ ಕಾಲ ನಡೆಯಿತು. ಮುಂಬಯಿ ದ್ವೀಪದಲ್ಲಿ ಜೆಸ್ವಿಟರಿಗಿದ್ದ ಪರೇಲ್, ಸಾಯನ್ ಕಡೆಯ ಆಸ್ತಿಗಳನ್ನು ಇಂಗ್ಲಿಷರು ಮುಟ್ಟುಗೋಲು ಹಾಕಿಕೊಂಡರು.

ಆ ವಿದ್ಯಾಪೀಠದಿಂದ ಇಂದಿಗೆ ಉಳಿದಿರುವ ದೊಡ್ಡ ವಸ್ತು ಒಂದು ಕಲ್ಲಿನ ಶಿಲುಬೆ. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 17 ಅಡಿ ಎತ್ತರದ ಈ ಶಿಲುಬೆ ಈಗ ಸಂತ ಅಂದ್ರೆಯರ ಇಗರ್ಜಿಯ ಅಂಗಳದಲ್ಲಿದೆ. ಯೇಸುವಿನ ಯಾತನೆಗೆ ಸೇರಿದ ಕುರುಹುಗಳನ್ನು ಅದರ ಮೈತುಂಬ ಕೆತ್ತಿದ್ದಾರೆ: ಮೊಳೆ, ಸುತ್ತಿಗೆ, ಏಣಿ, ಈಟಿ, ಮುಳ್ಳಿನ ಕಿರೀಟ, ಕೋಳಿಹುಂಜ. ಓದುಬರಹ ಬಾರದವರಿಗೆ ಶುಭ ಶುಕ್ರವಾರದ ಕಥೆ ಈ ಕಲ್ಲಿನಲ್ಲೇ ಇತ್ತು. ಕಲ್ಲಿನಂತೆ ಮಾತಿನಲ್ಲೂ ಈ ಕೆಲಸ ನಡೆಯಿತು. ಫ್ರಾನ್ಸಿಸ್ಕು ವಾಸ್ ದ ಗಿಮರಾಯಿಂಶ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ 1659ರಲ್ಲಿ ಉತ್ತರ ಕೊಂಕಣದ ಮರಾಠಿಯಲ್ಲಿ ಯಾತನೆಯ ಕಥೆಯನ್ನು ಪುರಾಣವಾಗಿ ಹೊಸೆದ. ತಪಸ್ಸುಕಾಲದಲ್ಲಿ ಅದನ್ನು ಹಾಡುವ ಪದ್ಧತಿ ಈ ಸೀಮೆಯ ಕ್ರೈಸ್ತರಲ್ಲಿ ಬೇರೂರಿತು.

1737ರಲ್ಲಿ ಮರಾಠರು ಠಾಣೆಯನ್ನು ಹಿಡಿದರು. 1739ರ ಮೇ ತಿಂಗಳಲ್ಲಿ ಮರಾಠ ದಂಡನಾಯಕ ಚಿಮಾಜಿ ಅಪ್ಪಾನಿಗೆ ವಸಯಿ ಕೋಟೆ ಶರಣಾಯಿತು. ಇಷ್ಟರೊಳಗೆ ಬಾಂದ್ರಾದಲ್ಲಿ ವಿಚಿತ್ರವಾದದ್ದೊಂದು ನಡೆಯಿತು. ಬಾಂದ್ರಾದ ಕೋಟೆ ಮರಾಠರಿಗೆ ಸಿಕ್ಕರೆ ಅಲ್ಲಿಂದ ಮಾಹಿಮಿನ ಮೇಲೆ ತೋಪು ಹಾರಿಸಬಹುದೆಂದು ಹೆದರಿದ ಮುಂಬಯಿಯ ಇಂಗ್ಲಿಷರು ಪೋರ್ಚುಗೀಸರ ಮನವೊಲಿಸಿ ಅದನ್ನು ಕೆಡವಿಸಿದರು. ವಿದ್ಯಾಪೀಠವೂ ಆ ಹೊತ್ತಿನಲ್ಲೇ ಹಾಳಾಯಿತು. ಬೆಟ್ಟದ ಮೇಲಿನ ಗುಡಿಯೂ ಬಿತ್ತು. ಸಂತ ಅಂದ್ರೆಯರ ಇಗರ್ಜಿ ಮಾತ್ರ ಉಳಿಯಿತು.

ಯುರೋಪಿನ ಪಾದ್ರಿಗಳು ಹೊರಟುಹೋದರು. ಜಮೀನಿನ ಒಡೆತನ ಹೋಯಿತು, ವಿದ್ಯಾಪೀಠ ಹೋಯಿತು, ರಾಜಾಶ್ರಯ ಹೋಯಿತು. ಬಲದಿಂದ ಹೇರಿದ್ದಷ್ಟೇ ಆಗಿದ್ದರೆ ಈ ಧರ್ಮಕೇಂದ್ರ ಹತ್ತು ವರ್ಷಗಳಲ್ಲಿ ಕರಗಿಹೋಗಬೇಕಿತ್ತು. ಕರಗಲಿಲ್ಲ. ಊರಿನವರೂ ಗೋವೆಯಿಂದ ಬಂದ ದೇಶೀಯ ಪಾದ್ರಿಗಳೂ ಅದನ್ನು ಹೊತ್ತು ನಡೆಸಿದರು. ಮರಾಠರ ಆಡಳಿತ ಕ್ರೈಸ್ತರ ಪೂಜೆಗೆ ಅಡ್ಡಿಯಾಗಲಿಲ್ಲ ಎಂಬುದಕ್ಕೆ ಹೊರಗಿನ ಸಾಕ್ಷಿಯೂ ಇದೆ. ಝೆಂದ್ ಅವೆಸ್ತಾವನ್ನು ಮೊದಲಬಾರಿಗೆ ಫ್ರೆಂಚಿಗೆ ತಂದ ವಿದ್ವಾಂಸ ಆಂಕೆತಿಲ್ ದ್ಯು ಪೆರೋನ್ 1760ರಲ್ಲಿ ಸಾಷ್ಟಿಯಲ್ಲಿ ಸಂಚರಿಸಿದ. ಠಾಣೆಯಲ್ಲಿ ಅವನು ಕಂಡದ್ದು ಸಾವಿರಾರು ಕ್ರೈಸ್ತರು ಬಹಿರಂಗವಾಗಿ ಆಚರಿಸುತ್ತಿದ್ದ ಹಬ್ಬ, ಅದನ್ನು ನಡೆಸುತ್ತಿದ್ದ ದೇಶೀಯ ಗುರುಗಳು, ತಕರಾರಿಲ್ಲದ ಹಿಂದೂ ಅಧಿಕಾರಿಗಳು. ಪೋರ್ಚುಗೀಸರ ಎರಡು ಶತಮಾನಗಳಿಗಿಂತ ಮರಾಠರ ಈ ಮೂವತ್ತೈದು ವರ್ಷಗಳು ಬಾಂದ್ರಾದ ಕ್ಯಾಥೊಲಿಕರನ್ನು ಚೆನ್ನಾಗಿ ಪರೀಕ್ಷಿಸಿದವು. ಆದರೂ ಇತಿಹಾಸದ ಪುಸ್ತಕಗಳಲ್ಲಿ ಜೆಸ್ವಿಟರ ಹೆಸರುಗಳಿಗೆ ಪುಟಗಟ್ಟಲೆ ಜಾಗವಿದೆ, ಆ ದೇಶೀಯ ಪಾದ್ರಿಗಳಿಗೆ ಒಂದೆರಡು ಸಾಲು. ಇದು ಅನ್ಯಾಯ.

ಬೆಟ್ಟದ ಮಾತೆಯ ಪ್ರತಿಮೆಯ ಕಥೆಯನ್ನು ಈ ಕಾಲದ ಜತೆಗೇ ಹೇಳಬೇಕು. 1700ರಲ್ಲಿ ಅರಬ್ ಕಡಲ್ಗಳ್ಳರು ಬಂದು, ಚಿನ್ನದ್ದೆಂದು ತಿಳಿದು ಪ್ರತಿಮೆಯ ಬಲಗೈಯನ್ನು ಕತ್ತರಿಸಿದರೆಂದು ಪರಂಪರೆ ಹೇಳುತ್ತದೆ. ಗುಡಿ ಬಿದ್ದಮೇಲೆ ಪ್ರತಿಮೆ ಏನಾಯಿತೆಂಬುದಕ್ಕೆ ಹಲವು ಹೇಳಿಕೆಗಳಿವೆ. ಖಾರಿಯ ಆಚೆ ಮಾಹಿಮಿನ ಸಂತ ಮೈಕೆಲರ ಇಗರ್ಜಿಯಲ್ಲಿ ಆಶ್ರಯ ಪಡೆಯಿತು ಎನ್ನುವವರುಂಟು. ಸಮುದ್ರದಲ್ಲಿ ತೇಲುತ್ತಿದ್ದುದನ್ನು ಕೋಳಿ ಬೆಸ್ತನೊಬ್ಬ ಕನಸಿನಲ್ಲಿ ಕಂಡು ಮೇಲೆತ್ತಿದ ಎನ್ನುವವರೂ ಉಂಟು. ಎರಡನೆಯ ಕಥೆಯೇ ಊರಿನವರಿಗೆ ಪ್ರಿಯ, ಏಕೆಂದರೆ ಅದರಲ್ಲಿ ದೇವಮಾತೆಯನ್ನು ಉಳಿಸಿದವನು ತಮ್ಮವನೇ. 1760ರ ಸುಮಾರಿಗೆ ಬೆಟ್ಟದ ಗುಡಿ ಮತ್ತೆ ಎದ್ದಿತು. ಈಗಿರುವ ಕಟ್ಟಡ 1904ರದು, ವಿನ್ಯಾಸ ಮುಂಬಯಿಯ ವಾಸ್ತುಶಿಲ್ಪಿ ಶಾಪೂರ್ಜಿ ಚಂದಾಭಾಯಿಯವರದು. 1954ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸರು ಅದಕ್ಕೆ ಬಸಿಲಿಕಾ ಪದವಿ ಕೊಟ್ಟರು. ಸೆಪ್ಟೆಂಬರ್ 8ರ ಮರಿಯಮ್ಮನವರ ಜನನೋತ್ಸವದ ನಂತರದ ಭಾನುವಾರದಿಂದ ಒಂದು ವಾರ ನಡೆಯುವ ಬಾಂದ್ರಾ ಜಾತ್ರೆಗೆ ಎಲ್ಲ ಮತದವರೂ ಬರುತ್ತಾರೆ. ಮೈನೋವಿದ್ದವರು ಮೇಣದ ಕೈಯನ್ನೋ ಕಾಲನ್ನೋ, ಮನೆ ಬೇಕಾದವರು ಮೇಣದ ಮನೆಯನ್ನೋ ಒಪ್ಪಿಸುತ್ತಾರೆ. ಮರಾಠಿ ಮಂದಿ ಅವಳನ್ನು ಮೋತ್ ಮಾವ್ಲಿ ಎನ್ನುತ್ತಾರೆ. ನಮ್ಮ ಕರಾವಳಿಯ ಓದುಗರಿಗೆ ಇದರಲ್ಲಿ ಪರಿಚಯದ ಛಾಯೆ ಕಾಣದಿರದು. ಮಂಗಳೂರು ಸೀಮೆಯ ಮೊಂತಿ ಹಬ್ಬವೂ ಅದೇ ಸೆಪ್ಟೆಂಬರ್ 8ರಂದು, ಅದೂ ಬೆಟ್ಟದ ಮೇಲಿನ ಮರಿಯಮ್ಮನವರದೇ. 1763ರಲ್ಲಿ ಫರಂಗಿಪೇಟೆಯಲ್ಲಿ ಫಾದರ್ ಜೋಕಿಂ ಮಿರಾಂದ ಅದನ್ನು ಆರಂಭಿಸಿದರು. ಅಲ್ಲಿ ಹೊಸ ತೆನೆ ಮನೆಗೆ ಬರುತ್ತದೆ. ಬಾಂದ್ರಾದ ಹಳ್ಳಿಗರ ತೆನೆಹಬ್ಬವಾದ ಆಗೇರಾ ಅಕ್ಟೋಬರಿನ ಮೊದಲ ಭಾನುವಾರ. ಗದ್ದೆಗಳು ಹೋಗಿ ಕಾಲವಾದರೂ ತೆನೆಯನ್ನು ಹೊರಗಿನಿಂದ ತರಿಸಿ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸುವ ಪದ್ಧತಿ ನಿಂತಿಲ್ಲ.

1774ರ ಕೊನೆಗೆ ಇಂಗ್ಲಿಷರು ಸಾಷ್ಟಿಯನ್ನು ಹಿಡಿದರು. 1782ರ ಸಾಲ್ಬಾಯಿ ಒಪ್ಪಂದ ಅದನ್ನು ಖಾಯಂ ಮಾಡಿತು. ಆಳುವವರು ಬದಲಾದರೂ ಇಗರ್ಜಿಯ ಒಳಾಡಳಿತ ಗೋವೆಯ ಆರ್ಚ್‌ಬಿಷಪರ ಕೈಯಲ್ಲೇ ಉಳಿಯಿತು. ಸಂತ ಅಂದ್ರೆಯರ ಶಾಲೆ ತನ್ನ ಆರಂಭವನ್ನು 1780ಕ್ಕೆ ಒಯ್ಯುತ್ತದೆ. ಕಂಪನಿ ಸರಕಾರ ಶಿಕ್ಷಣದ ಬಗ್ಗೆ ಯೋಚಿಸುವ ಎಷ್ಟೋ ಮೊದಲು ಈ ಹಳ್ಳಿಯಲ್ಲಿ ಇಗರ್ಜಿಯ ಆಸರೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ದೊಡ್ಡ ಕಲಹ ಹೊರಗಿನವರೊಡನೆ ನಡೆದದ್ದಲ್ಲ, ಕ್ಯಾಥೊಲಿಕರ ನಡುವೆಯೇ ನಡೆದದ್ದು. ಪೂರ್ವದೇಶಗಳಲ್ಲಿ ಬಿಷಪರನ್ನು ಹೆಸರಿಸುವ ಹಕ್ಕನ್ನು ಪೋಪರು ಹಿಂದೆ ಪೋರ್ಚುಗಲ್ ದೊರೆಗೆ ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಪೋರ್ಚುಗಲ್ ಸೊರಗಿದ ಮೇಲೆ ರೋಮ್ 1622ರಲ್ಲಿ ಪ್ರೊಪಗಾಂದಾ ಎಂಬ ತನ್ನದೇ ಧರ್ಮಪ್ರಚಾರ ಮಂಡಲಿಯನ್ನು ಸ್ಥಾಪಿಸಿ, ಅದರ ಮೂಲಕ ತನ್ನ ಪ್ರತಿನಿಧಿಗಳನ್ನು ಕಳಿಸತೊಡಗಿತು. ಮುಂಬಯಿ ದ್ವೀಪದ ಇಂಗ್ಲಿಷರು 1720ರಲ್ಲೇ ಪೋರ್ಚುಗೀಸ್ ಪಾದ್ರಿಗಳನ್ನು ಹೊರಹಾಕಿ ಪ್ರೊಪಗಾಂದಾದ ಕಾರ್ಮೆಲೈಟರಿಗೆ ಇಗರ್ಜಿಗಳನ್ನು ವಹಿಸಿದ್ದರು. 1794ರಿಂದ ಅಲ್ಲಿ ಎರಡೂ ಪಕ್ಷಗಳು ಇಗರ್ಜಿಗಳನ್ನು ಹಂಚಿಕೊಂಡವು. 1838ರಲ್ಲಿ ಪೋಪರು ಪದ್ರುವಾದೊದ ಅಧಿಕಾರವನ್ನು ಕಡಿತಗೊಳಿಸಿದಾಗ ಗೋವೆಯ ಪಾದ್ರಿಗಳು ಅದನ್ನು ಒಪ್ಪಲಿಲ್ಲ. 1853ರಲ್ಲಿ ಮೇಲ್ ಮಾಹಿಮಿನ ಇಗರ್ಜಿ ಎದುರು ಪಕ್ಷಕ್ಕೆ ಹೋಗದಿರಲೆಂದು ಪ್ರೊಪಗಾಂದಾದ ಬಿಷಪ್ ಅನಸ್ತಾಸಿಯಸ್ ಹಾರ್ಟ್‌ಮನ್ ಸ್ವತಃ ಒಳಗೆ ಬಾಗಿಲು ಹಾಕಿಕೊಂಡು ಕೂತರು. ಹೊರಗಿನಿಂದ ಜನ ಮುತ್ತಿಗೆ ಹಾಕಿದರು.

ಆ ಬೇಗೆ ಬಾಂದ್ರಾಕ್ಕೂ ತಟ್ಟಿತು. ಸಂತ ಅಂದ್ರೆಯರ ಇಗರ್ಜಿ ಪದ್ರುವಾದೊದ ಕಡೆ ನಿಂತಿತು. ಪ್ರೊಪಗಾಂದಾದ ಕಡೆಯವರು ಅದೇ ಹಿಲ್ ರಸ್ತೆಯಲ್ಲಿ ಸಂತ ಪೇತ್ರರ ಇಗರ್ಜಿಯನ್ನು ಕಟ್ಟಿಕೊಂಡರು. ಮರಳಿ ಬಂದ ಜೆಸ್ವಿಟರಿಗೆ ನೆಲೆಯಾದದ್ದು ಇದು. ಇವರೇ 1863ರಲ್ಲಿ ಸ್ಟಾನಿಸ್ಲಾಸ್ ಶಾಲೆಯನ್ನು ಅನಾಥ ಹುಡುಗರಿಗಾಗಿ ಆರಂಭಿಸಿದರು. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಹೊಸ ಕರಾರು ಮಾಡಿಕೊಂಡಾಗ ಪದ್ರುವಾದೊದ ಇಗರ್ಜಿಗಳು ದಮನ್ ಧರ್ಮಪ್ರಾಂತ್ಯಕ್ಕೆ ಸೇರಿದವು. ಹಾಗಾಗಿ 1928ರವರೆಗೆ ಒಂದೇ ರಸ್ತೆಯ ಎರಡು ಇಗರ್ಜಿಗಳು ಇಬ್ಬರು ಬೇರೆ ಬೇರೆ ಬಿಷಪರ ಮಾತು ಕೇಳುತ್ತಿದ್ದವು. ಆ ವರ್ಷ ದಮನ್ ಪ್ರಾಂತ್ಯದ ಈ ಭಾಗವನ್ನು ಮುಂಬಯಿಗೆ ಸೇರಿಸಿದರು, ಇಬ್ಬಂದಿ ಆಡಳಿತ ಮುಗಿಯಿತು. ಈ ಜಗಳ ಕರ್ನಾಟಕದ ಕರಾವಳಿಗೂ ಹೊಸದಲ್ಲ. ಗೋವೆಯವರ ಮತ್ತು ರೋಮಿನವರ ನಡುವೆ ಮಂಗಳೂರಿನ ಇಗರ್ಜಿಗಳೂ ದೀರ್ಘಕಾಲ ಸಿಕ್ಕಿಬಿದ್ದು, 1878ರ ಕೊನೆಗೆ ಜೆಸ್ವಿಟರು ಬಂದಮೇಲೆಯೇ ಒಂದು ನೆಲೆಗೆ ಬಂದವು. ನಂಬಿಕೆಯ ಬಗ್ಗೆ ಯಾವ ಭಿನ್ನಮತವೂ ಇಲ್ಲದೆ ಬರಿಯ ಅಧಿಕಾರಕ್ಕಾಗಿ ನಡೆದ ಈ ಕಲಹದಲ್ಲಿ ಸಂಬಂಧಗಳು ಒಡೆದದ್ದು ಮಾತ್ರ ಹಳ್ಳಿಯ ಮನೆಗಳಲ್ಲಿ.

ಬಾಂದ್ರಾ ಉಪನಗರವಾದದ್ದು ಮೂರು ಹೆಜ್ಜೆಗಳಲ್ಲಿ. ಮೊದಲನೆಯದು ಮಾಹಿಮ್ ಸೇತುದಾರಿ. ಖಾರಿ ದಾಟುವ ದೋಣಿಗಳು ಮಳೆಗಾಲದಲ್ಲಿ ಮುಳುಗಿ ಜನ ಸಾಯುತ್ತಿದ್ದರು. ಪಾರ್ಸಿ ದಾನಿ ಜಮ್ಷೆಟ್ಜಿ ಜೀಜೀಭಾಯಿಯವರ ಪತ್ನಿ ಆವಾಬಾಯಿ ಹಣ ಕೊಟ್ಟು ಕಟ್ಟಿಸಿದ ಈ ದಾರಿ 1845ರಲ್ಲಿ ತೆರೆಯಿತು. ಅವರ ಹೆಸರು ಇಂದಿಗೂ ಲೇಡಿ ಜಮ್ಷೆಟ್ಜಿ ರಸ್ತೆಯಲ್ಲಿದೆ. ಬೆಟ್ಟದ ಮಾತೆಗೆ ಅವರು ಹೊತ್ತಿದ್ದ ಹರಕೆಯೇ ಇದಕ್ಕೆ ಕಾರಣ ಎಂಬ ಕಥೆ ಬಾಂದ್ರಾದಲ್ಲಿ ಪ್ರಚಲಿತ. ಎರಡನೆಯದು ರೈಲು. ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ಕಂಪನಿ 1867ರಲ್ಲಿ ವಿರಾರ್‌ನಿಂದ ಬ್ಯಾಕ್ ಬೇ ವರೆಗೆ ದಿನವಹಿ ಗಾಡಿ ಓಡಿಸತೊಡಗಿತು. ಬೆಳಗ್ಗೆ ಮುಂಬಯಿಯ ಕೋಟೆ ಪ್ರದೇಶದ ಆಫೀಸಿಗೆ ಹೋಗಿ ಸಂಜೆ ಮನೆಗೆ ಬರುವುದು ಸಾಧ್ಯವಾಯಿತು. 1876ರಲ್ಲಿ ಬಾಂದ್ರಾಕ್ಕೆ ತನ್ನದೇ ಪುರಸಭೆ ಬಂತು. ಮೂರನೆಯದು ಪ್ಲೇಗು.

1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿದ ಪ್ಲೇಗಿನಿಂದ ತಪ್ಪಿಸಿಕೊಳ್ಳಲು ಜನ ಉತ್ತರಕ್ಕೆ ಓಡಿದರು. ಗಾಳಿ ಬೆಳಕು ಇದ್ದ ಸಾಷ್ಟಿಯ ಹಳ್ಳಿಗಳಲ್ಲಿ ಬಂಗಲೆಗಳು ಏಳತೊಡಗಿದವು. ಪ್ಲೇಗು ಹಳ್ಳಿಗಳನ್ನೂ ಬಿಡಲಿಲ್ಲ. ಓಣಿಯ ಬಾಯಿಗಳಲ್ಲಿ, ಮನೆಗಳ ಮೂಲೆಗಳಲ್ಲಿ ಜನ ಶಿಲುಬೆಗಳನ್ನು ನಿಲ್ಲಿಸಿ, ರಾತ್ರಿ ದೀಪ ಹಚ್ಚಿ, ಸುತ್ತ ನಿಂತು ಜಪಸರ ಹೇಳಿದರು. ಇಗರ್ಜಿಯಲ್ಲಿ ಗುಂಪುಗೂಡಬಾರದೆಂಬ ಕಾಲದಲ್ಲಿ ಓಣಿಯೇ ಇಗರ್ಜಿಯಾಯಿತು. ರಣ್ವಾರ್, ಚಿಂಬಾಯಿ, ಶೆರ್ಲಿ, ರಾಜನ್, ಪಾಲಿ, ಕಾಂತ್ವಾಡಿ ಮುಂತಾದ ಪಾಖಾಡಿಗಳಲ್ಲಿ, ಅಂದರೆ ಹಳೆಯ ಹಳ್ಳಿಕೇರಿಗಳಲ್ಲಿ, ಇಂಥ ಶಿಲುಬೆಗಳು ಇಂದಿಗೂ ಇವೆ. ಮೇ ತಿಂಗಳಲ್ಲಿ ಅವುಗಳಿಗೆ ಹೂ ಮುಡಿಸಿ ನೆರೆಯವರೆಲ್ಲ ಕೂಡಿ ಪ್ರಾರ್ಥಿಸುವ ಪದ್ಧತಿಯೂ ಇದೆ. ಧರ್ಮಕೇಂದ್ರದ ನಿಜವಾದ ನಕ್ಷೆ ಬೇಕಾದವರು ಈ ಶಿಲುಬೆಗಳನ್ನು ಹಿಂಬಾಲಿಸಿ ನಡೆದರೆ ಸಾಕು.

ಈ ಪಾಖಾಡಿಗಳ ಮೂಲನಿವಾಸಿ ಕ್ಯಾಥೊಲಿಕರಿಗೆ ಈಸ್ಟ್ ಇಂಡಿಯನ್ ಎಂಬ ಹೆಸರಿದೆ. ಪಶ್ಚಿಮ ಕರಾವಳಿಯ ಜನಕ್ಕೆ ಈ ಹೆಸರು ಏಕೆಂದರೆ, ರೈಲ್ವೆ ಮತ್ತು ಸರಕಾರಿ ಕಚೇರಿಗಳ ಕೆಲಸಗಳಿಗೆ ಗೋವೆಯ, ಮಂಗಳೂರಿನ ಕ್ಯಾಥೊಲಿಕರು ಪೈಪೋಟಿಗೆ ಬಂದಾಗ ತಾವು ಕಂಪನಿಯ ಹಳೆಯ ಪ್ರಜೆಗಳೆಂದು ಬೇರೆಯಾಗಿ ಗುರುತಿಸಿಕೊಳ್ಳಬೇಕಾಯಿತು. ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ವರ್ಷ, 1887ರಲ್ಲಿ, ಬಾಂಬೆ ಈಸ್ಟ್ ಇಂಡಿಯನ್ ಅಸೋಸಿಯೇಷನ್ ಹುಟ್ಟಿತು. ಮನೆಮಾತು ಮರಾಠಿಯ ಒಂದು ಪ್ರಭೇದ. ಹೆಂಗಸರ ಉಡುಗೆ ಲುಗ್ಡೆ ಸೀರೆ. ಮದುವೆಯ ಹಿಂದಿನ ದಿನ ಬಾವಿಯಿಂದ ಮೆರವಣಿಗೆಯಲ್ಲಿ ನೀರು ತರುವ ಉಂಬ್ರಾಚೆ ಪಾಣಿ ಶಾಸ್ತ್ರ, ವರ್ಷಕ್ಕಾಗುವಷ್ಟು ಹುರಿದು ಕುಟ್ಟಿ ಬಾಟಲಿಗಳಲ್ಲಿ ತುಂಬಿಡುವ ಮಸಾಲೆ, ಹಬ್ಬದ ತಿನಿಸಾದ ಫುಗಿಯಾ, ಇವೆಲ್ಲ ಲಿಸ್ಬನ್ನಿನಿಂದ ಬಂದವಲ್ಲ. ಈ ಸಮುದಾಯದಿಂದ ಬಂದ ಸೈಮನ್ ಪಿಮೆಂತಾ, ಸಾಷ್ಟಿಯ ಮರೋಲ್ ಹಳ್ಳಿಯವರು, 1978ರಲ್ಲಿ ಮುಂಬಯಿಯ ಆರ್ಚ್‌ಬಿಷಪರೂ 1988ರಲ್ಲಿ ಕಾರ್ಡಿನಲರೂ ಆದರು. ಜ್ಞಾನಸ್ನಾನ ಪಡೆದ ಒಕ್ಕಲುಗಳ ವಂಶಕ್ಕೆ ಮಹಾಧರ್ಮಪ್ರಾಂತ್ಯದ ಪೀಠ ಸಿಗಲು ನಾಲ್ಕು ಶತಮಾನ ಬೇಕಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಗದ್ದೆಗಳು ನಿವೇಶನಗಳಾದವು. 1918ರಲ್ಲಿ ಸಾಲ್ಸೆಟ್ ಕ್ಯಾಥೊಲಿಕ್ ಸಹಕಾರಿ ಗೃಹನಿರ್ಮಾಣ ಸಂಘ ಸ್ಥಾಪನೆಯಾಯಿತು. ಮಧ್ಯಮವರ್ಗದ ಕ್ಯಾಥೊಲಿಕರು ಸಾಲ ಸೋಲ ಮಾಡಿ ಅಂಗಳ, ಜಗಲಿ, ಮಂಗಳೂರು ಹೆಂಚಿನ ಸೂರು ಇರುವ ಮನೆಗಳನ್ನು ಕಟ್ಟಿಕೊಂಡರು. ಮೂಲ ಧರ್ಮಕೇಂದ್ರ ಒಂದೇ ಇದ್ದಲ್ಲಿ ಕಾರ್ಮೆಲ್ ಮಾತೆ, ಸಂತ ತೆರೇಸಾ, ಸಂತ ಅನ್ನಮ್ಮ ಮುಂತಾದ ಹೆಸರುಗಳಲ್ಲಿ ಹೊಸ ಇಗರ್ಜಿಗಳು ಬಂದವು. ನಡೆದು ಸುತ್ತಬಹುದಾದಷ್ಟು ಜಾಗದಲ್ಲಿ ಇಂದು ಆರು ಕ್ಯಾಥೊಲಿಕ್ ಇಗರ್ಜಿಗಳಿವೆ. 1950ರಲ್ಲಿ ಬಾಂದ್ರಾ ಮುಂಬಯಿ ಮಹಾನಗರಪಾಲಿಕೆಯೊಳಗೆ ಸೇರಿತು. ಅದೇ ವರ್ಷ ವಲೇರಿಯನ್ ಗ್ರೇಶಿಯಸ್ ಮುಂಬಯಿಯ ಮೊದಲ ಭಾರತೀಯ ಆರ್ಚ್‌ಬಿಷಪರಾದರು. 1964ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ ಪೋಪ್ ಆರನೆಯ ಪೌಲರು ಬಂದರು. ಭಾರತಕ್ಕೆ ಪೋಪರೊಬ್ಬರು ಕಾಲಿಟ್ಟದ್ದು ಅದೇ ಮೊದಲು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಲ್ಯಾಟಿನ್ ಹೋಗಿ ಇಂಗ್ಲಿಷ್, ಮರಾಠಿ, ಕೊಂಕಣಿಗಳಲ್ಲಿ ಬಲಿಪೂಜೆ ಶುರುವಾಯಿತು. ಇಂಗ್ಲಿಷಿನ ಪೂಜೆಗೇ ಹೆಚ್ಚು ಜನ, ಮರಾಠಿಯದಕ್ಕೆ ಕಡಿಮೆ. ಮೂಲನಿವಾಸಿಗಳ ಮಾತು ಅವರದೇ ಇಗರ್ಜಿಯಲ್ಲಿ ಮೂಲೆ ಸೇರಿದ್ದು ಖೇದದ ಸಂಗತಿ. 1983ರಲ್ಲಿ ಸಂತ ಅಂದ್ರೆಯರ ಹೆಸರಿನಲ್ಲಿ ಕಾಲೇಜೂ ಬಂತು.

ಮಂಗಳೂರಿನ ಕ್ಯಾಥೊಲಿಕರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮುಂಬಯಿಗೆ ಬರತೊಡಗಿದರು. ಆಗ ರೈಲೂ ಇರಲಿಲ್ಲ, ಒಳ್ಳೆಯ ರಸ್ತೆಯೂ ಇರಲಿಲ್ಲ. ಕರಾವಳಿಯ ಹಡಗೇ ದಾರಿ. ಗುಮಾಸ್ತರು, ಶಿಕ್ಷಕರು, ದಾದಿಯರು, ಬ್ಯಾಂಕಿನವರಾಗಿ ನೆಲೆ ಕಂಡ ಮೇಲೆ ಬಾಂದ್ರಾದಂಥ ಉಪನಗರಗಳಲ್ಲಿ ಮನೆ ಮಾಡಿದರು. ಈಸ್ಟ್ ಇಂಡಿಯನರು ಮರಾಠಿಯವರು, ಗೋವೆಯವರ ಕೊಂಕಣಿ ರೋಮನ್ ಲಿಪಿಯದು, ಇವರದು ಕನ್ನಡ ಲಿಪಿಯ ಕೊಂಕಣಿ. ಮೂವರೂ ಒಂದೇ ಬೆಂಚಿನ ಮೇಲೆ ಕೂರುವುದು ಮೊದಮೊದಲು ಸುಲಭವಾಗಿರಲಿಲ್ಲ. ಕೆಲಸದ ಪೈಪೋಟಿ ಇಗರ್ಜಿಯ ಹೊಸ್ತಿಲಿನಲ್ಲಿ ನಿಲ್ಲುತ್ತಿರಲಿಲ್ಲ. ಮಕ್ಕಳು ಒಂದೇ ಶಾಲೆಯಲ್ಲಿ ಓದಿ, ಒಂದೇ ಗಾಯನವೃಂದದಲ್ಲಿ ಹಾಡಿ, ಮದುವೆಗಳಾಗಿ, ಈ ಗೋಡೆಗಳು ನಿಧಾನವಾಗಿ ಸವೆದವು. ‘ಪಯ್ಣಾರಿ’, ‘ದಿವೊ’ ಮುಂತಾದ ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆಗಳು ಹೊರಟದ್ದು ಮುಂಬಯಿಯಿಂದಲೇ. ಮಂಗಳೂರಿನ ಇಗರ್ಜಿಗಳಲ್ಲಿ ವಾಳೆಗೊಬ್ಬ, ಅಂದರೆ ಕೇರಿಗೊಬ್ಬ, ಗುರಿಕಾರ ಇರುವಂತೆ, ಮುಂಬಯಿಯ ಧರ್ಮಕೇಂದ್ರಗಳಲ್ಲಿ ನೆರೆಹೊರೆಯ ಸಣ್ಣ ಸಮುದಾಯಗಳನ್ನು ಕಟ್ಟುವ ಏರ್ಪಾಟು 1980ರ ದಶಕದಿಂದ ಬೆಳೆಯಿತು. ಪಾಖಾಡಿಯ ಶಿಲುಬೆಯ ಸುತ್ತ ಹಿಂದೆ ತಾನಾಗಿ ನಡೆಯುತ್ತಿದ್ದುದನ್ನು ಅಪಾರ್ಟ್‌ಮೆಂಟಿನ ಜನರಿಗಾಗಿ ಮತ್ತೆ ಕಟ್ಟಬೇಕಾಯಿತು.

1990ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಬೇರೆಯಾದಾಗ ಬಾಂದ್ರಾವೇ ಅದರ ಆಡಳಿತ ಕೇಂದ್ರವಾಯಿತು. 2009ರಲ್ಲಿ ಬಾಂದ್ರಾ-ವರಳಿ ಕಡಲಸೇತುವೆ ತೆರೆದ ಮೇಲೆ ನೆಲದ ಬೆಲೆ ಇನ್ನೂ ಏರಿತು. ಪಾಖಾಡಿಯ ಮನೆಯನ್ನು ಬಿಲ್ಡರಿಗೆ ಕೊಟ್ಟು ದೂರದ ವಸಯಿ ಕಡೆಗೋ ಕೆನಡಾ ಆಸ್ಟ್ರೇಲಿಯಾಗಳಿಗೋ ಹೋಗುವವರು ಹೆಚ್ಚುತ್ತಿದ್ದಾರೆ. ರಣ್ವಾರಿನಂಥ ಒಂದೆರಡು ಕೇರಿಗಳಲ್ಲಿ ಮರದ ಜಗಲಿ, ಹೊರಮೆಟ್ಟಿಲುಗಳ ಹಳೆಯ ಮನೆಗಳು ಉಳಿದಿವೆ. ಇಗರ್ಜಿಯ ಕಟ್ಟಡಕ್ಕೆ ಪಾರಂಪರಿಕ ಮಹತ್ವವಿದೆ, ಅದಕ್ಕೆ ಕಾವಲೂ ಇದೆ. ಅದನ್ನು ಉಳಿಸಿದ ಕೇರಿಗಳಿಗೆ ಅಂಥ ಕಾವಲು ಸಾಲದು. ಕೇರಿಗಳು ಖಾಲಿಯಾದರೆ 1739ರಲ್ಲೂ ಆಗದ ನಷ್ಟ ಈ ಧರ್ಮಕೇಂದ್ರಕ್ಕೆ ಆಗುತ್ತದೆ.

ಕನ್ನಡದ ಸಂಶೋಧಕರಿಗೆ ಇಲ್ಲಿ ಕೆಲಸ ಕಾದಿದೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಮುಂಬಯಿಗೆ ಹೋದವರ ಚರಿತ್ರೆಯನ್ನು ನಾವು ಹೆಚ್ಚಾಗಿ ಹೋಟೆಲು, ರಾತ್ರಿಶಾಲೆ, ಜಾತಿಸಂಘಗಳ ಮೂಲಕ ಬರೆದಿದ್ದೇವೆ. ಯಾವ ಊರಿನವರು ಯಾವ ವರ್ಷ ಬಂದರು, ಯಾರೊಡನೆ ಮದುವೆಯಾದರು, ಮಕ್ಕಳಿಗೆ ಯಾರು ಜ್ಞಾನತಂದೆತಾಯಿಯಾಗಿ ನಿಂತರು ಎಂಬುದನ್ನು ಬರೆದಿಡುವುದೇ ಇಗರ್ಜಿಗಳ ದಫ್ತರಗಳ ಕೆಲಸ. ಬಾಂದ್ರಾ, ಮಾಹಿಮ್, ಮಜಗಾಂವ್‌ಗಳ ಧರ್ಮಕೇಂದ್ರಗಳ ಈ ದಾಖಲೆಗಳನ್ನು ಮಂಗಳೂರಿನ ಮಿಲಾಗ್ರಿಸ್, ರೊಸಾರಿಯೊ ಇಗರ್ಜಿಗಳ ದಾಖಲೆಗಳೊಂದಿಗೆ ಇಟ್ಟು ಓದಿದರೆ ಕರಾವಳಿಯ ವಲಸೆಯ ಚರಿತ್ರೆಯ ದೊಡ್ಡ ಭಾಗವೊಂದು ಹೊರಬರುತ್ತದೆ. ಕಾಗದ ಇನ್ನೂ ಓದುವ ಸ್ಥಿತಿಯಲ್ಲಿರುವಾಗಲೇ, ಧರ್ಮಗುರುಗಳ ಅನುಮತಿ ಪಡೆದು, ಯಾರಾದರೂ ಈ ಕೆಲಸಕ್ಕೆ ಕೈಹಚ್ಚಬೇಕು.